ಓಟ ಮುಗಿಸಿದ ಬೇಟೆನಾಯಿಯ ಸಾಕಣೆ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು

ಓಟದ ಕಣದಿಂದಲೋ ಬೇಟೆಯ ಕೆಲಸದಿಂದಲೋ ಬಿಡುಗಡೆಯಾದ, ಪ್ರಾಯಕ್ಕೆ ಬಂದ ಬೇಟೆನಾಯಿಯನ್ನು ಮನೆಯ ನಾಯಿಯಾಗಿ ತಂದು ಸಾಕುವ ರೂಢಿ. ಬ್ರಿಟನ್, ಐರ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದು ಗ್ರೇಹೌಂಡ್ ತಳಿಗೆ ಸಂಬಂಧಿಸಿದ ಮಾತು. ಕರ್ನಾಟಕದಲ್ಲಿ ಅದೇ ಜಾಗದಲ್ಲಿ ನಿಲ್ಲುವುದು ಮುಧೋಳ ನಾಯಿ ಮತ್ತು ಅದರ ಬೆರಕೆಗಳು. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟು ಉಳಿಯುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಈ ಲೇಖನದ ವ್ಯಾಪ್ತಿ. ಇಲ್ಲಿ ಗ್ರೇಹೌಂಡ್ ಓಟದ ಕಣವಿಲ್ಲ. ಹಾಗಾಗಿ ಕಣದಿಂದ ಹೊರಬೀಳುವ ಗ್ರೇಹೌಂಡೂ ಇಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಕೊಂಡು ಹೋಗುವ ತೆಳು ಮೈಯ ನಾಯಿ ಇದೆ, ಅದಕ್ಕೆ ಹಿಂದೆ ಇದ್ದ ಕೆಲಸ ಈಗಿಲ್ಲ.

ಸೀಮೆ

ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಈ ಐದೂ ತಾಲ್ಲೂಕುಗಳು ಅದರೊಳಗೆ ಬಂದವು. ಹರಪನಹಳ್ಳಿ ಅದಕ್ಕೂ ಮೊದಲು, 1997ರಲ್ಲಿ, ದಾವಣಗೆರೆ ಜಿಲ್ಲೆಗೆ ಸೇರಿ, ಆಮೇಲೆ ಬಳ್ಳಾರಿಗೆ ಮರಳಿತ್ತು. ಮೂಡಲಲ್ಲಿ ಕೂಡ್ಲಿಗಿಯ ಕಡೆ ಬಂಡೆಗುಡ್ಡ, ಕುರುಚಲು ಕಾಡು; ಪಡುವಲಲ್ಲಿ ತುಂಗಭದ್ರೆಯ ದಂಡೆ; ನಡುವೆ ಜೋಳ, ಮೆಕ್ಕೆಜೋಳ, ಶೇಂಗಾ, ಉಳ್ಳಾಗಡ್ಡಿಯ ಹೊಲಗಳು. ಮಳೆ ಕಡಿಮೆ, ಬೇಸಿಗೆ ಬಿರುಸು. ಸುಗ್ಗಿ ಮುಗಿದ ಬಯಲಿನಲ್ಲಿ ಮೊಲ ಓಡಿದರೆ ದೂರದವರೆಗೂ ಕಾಣುತ್ತದೆ. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿಗೆ ಬೇಕಾದ ನೆಲ ಇಂಥದ್ದೇ. ಪರ್ಷಿಯಾದ ಸಲೂಕಿಯಿಂದ ದಖ್ಖನಿನ ಕಾರವಾನ್‌ವರೆಗೆ, ಮುಧೋಳದಿಂದ ತಮಿಳುನಾಡಿನ ಚಿಪ್ಪಿಪಾರೈವರೆಗೆ ಈ ಬಗೆಯ ನಾಯಿಗಳು ಒಣ ಬಯಲುಗಳಲ್ಲೇ ಬೆಳೆದದ್ದು ಆಕಸ್ಮಿಕವಲ್ಲ.

ಇದೇ ಬಯಲು ಕುರಿಯದೂ ಹೌದು. ಬಳ್ಳಾರಿ ಎಂಬ ಹೆಸರಿನ ಕುರಿ ತಳಿಯೇ ಇದೆ. ಅದರ ಉಣ್ಣೆಯಿಂದ ಕಂಬಳಿ ನೇಯುತ್ತಾರೆ. ಪೈರು ಕೊಯ್ದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುವುದು, ಅದಕ್ಕಾಗಿ ಮಂದೆಗಳು ಊರಿಂದೂರಿಗೆ ಸಾಗುವುದು ಇಲ್ಲಿಯ ಕೃಷಿಯ ಭಾಗ. ಕುರಿಗಾಹಿಯ ನಾಯಿ ಮಂದೆಯ ಜೊತೆಗೇ ಬೆಳೆದದ್ದು, ತೋಳ ಬಂದರೆ ಬೊಗಳಿ ಅಟ್ಟುವಂಥದ್ದು. ಬೇಟೆನಾಯಿ ಅದಕ್ಕೆ ತದ್ವಿರುದ್ಧ. ಅದು ಬೊಗಳುವುದು ಕಡಿಮೆ, ಓಡುವುದನ್ನು ಕಂಡರೆ ಸುಮ್ಮನೆ ಹಿಂದೆ ಬೀಳುತ್ತದೆ. ಬೆದರಿ ಚದುರಿದ ಕುರಿಮರಿಗೂ ಮೊಲಕ್ಕೂ ಅದರ ಕಣ್ಣಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಈ ಸೀಮೆಯಲ್ಲಿ ಇಂಥ ನಾಯಿಯನ್ನು ಮನೆಗೆ ತರುವವರು ಮೊದಲು ಯೋಚಿಸಬೇಕಾದದ್ದು ಇದನ್ನು. ವಿದೇಶಿ ಕೈಪಿಡಿಗಳು ಬೆಕ್ಕಿನ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ, ಕುರಿಮಂದೆಯ ಮಾತು ಅವುಗಳಲ್ಲಿ ಅಪರೂಪ.

ನಾಯಿಗೆ ಇಲ್ಲಿ ಮರ್ಯಾದೆ ಇಲ್ಲವೆನ್ನುವಂತಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಭಾರತ ಹುಣ್ಣಿಮೆಯ ಜಾತ್ರೆಗೆ, ಬಿಲ್ಲನ್ನೇರಿ ಗೊರವಯ್ಯ ನುಡಿಯುವ ಕಾರಣಿಕಕ್ಕೆ ಹೆಸರಾದದ್ದು. ಮೈಲಾರಲಿಂಗನ ಪರಂಪರೆಯಲ್ಲಿ ನಾಯಿ ದೇವರ ಸಂಗಾತಿ. ಕಪ್ಪು ಕಂಬಳಿ ತೊಟ್ಟ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ದೋಣಿ ಸೇವೆಯಲ್ಲಿ ಬೊಗಳುತ್ತ, ಮೊಣಕಾಲೂರಿ, ದೋಣಿಯಲ್ಲಿ ಹಾಕಿದ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಕನ್ನಡ ನಾಡಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸಿದ್ದೂ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ (ಕ್ರಿ.ಶ. 949-50) ವೀರ ಮಣಲೆರನ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಹೇಳುತ್ತದೆ, ಹಂದಿಯೂ ಸತ್ತಿತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರ ಕಾಲದಲ್ಲಿ ಬೇಟೆ ಆಳ್ವಿಕೆಯ ಒಂದು ಅಂಗವೇ ಆಗಿತ್ತು. ಯುಗಾದಿಯ ಆಸುಪಾಸಿನಲ್ಲಿ ಊರವರು ಗುಂಪುಗೂಡಿ ಬೇಟೆಗೆ ಹೋಗುವ ವಾಡಿಕೆ ನಾಡಿನ ಹಲವು ಕಡೆ ತೀರ ಇತ್ತೀಚಿನವರೆಗೂ ಇತ್ತು.

ಮುಧೋಳ ನಾಯಿ

ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ, ಬೇಡರು ಬೇಟೆಗೆ ಒಯ್ಯುತ್ತಿದ್ದ ನಾಯಿಗಳನ್ನು ಗಮನಿಸಿ, ಆರಿಸಿ ಬೆಳೆಸಿದನೆಂದೂ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕೊಟ್ಟನೆಂದೂ ಪ್ರತೀತಿ. ತಳಿಗೆ ಊರಿನ ಹೆಸರು ನಿಂತದ್ದು ಹೀಗೆ. ನುಣುಪು ಕೂದಲಿನದನ್ನು ಕಾರವಾನ್ ಅಥವಾ ಕರವಾನಿ ಎಂದೂ, ಕಿವಿ–ಬಾಲಗಳಲ್ಲಿ ಕುಚ್ಚು ಇಳಿಬಿದ್ದಿರುವುದನ್ನು ಪಶ್ಮಿ ಎಂದೂ ಕರೆಯುತ್ತಾರೆ. ಗಂಡುನಾಯಿ ಸುಮಾರು 70 ಸೆಂ.ಮೀ. ಎತ್ತರ, 22ರಿಂದ 28 ಕಿಲೋ ತೂಕ. ಗ್ರೇಹೌಂಡ್ ಇದಕ್ಕಿಂತ ತುಸು ಎತ್ತರ, ಇನ್ನೂ ಭಾರ. ತೊಡೆಯ ಸ್ನಾಯು ಉಬ್ಬಿಕೊಂಡಿರುತ್ತದೆ. ಅದು ಅರ್ಧ ನಿಮಿಷದ ಓಟಕ್ಕೆ ಸಿದ್ಧವಾದದ್ದು, ಮುಧೋಳ ನಾಯಿ ದೂರದ ಓಟಕ್ಕೆ.

ಭಾರತೀಯ ಅಂಚೆ ಇಲಾಖೆ 2005ರಲ್ಲಿ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿ ತಂದಾಗ ರಾಜಪಾಳಯಂ, ರಾಂಪುರ ಹೌಂಡ್, ಹಿಮಾಲಯದ ಕುರಿನಾಯಿಗಳ ಜೊತೆಗೆ ಮುಧೋಳವೂ ಇತ್ತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಂದ 2016ರ ಸುಮಾರಿಗೆ ಸೇನೆ ಮರಿಗಳನ್ನು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟಿತು. ಪ್ರಧಾನಿ ನರೇಂದ್ರ ಮೋದಿ 2020ರ ಆಗಸ್ಟಿನ ‘ಮನ್ ಕಿ ಬಾತ್’ನಲ್ಲಿ ಹೆಸರೆತ್ತಿದ ಮೇಲೆ ಮರಿಗಳಿಗೆ ಬೇಡಿಕೆ ಏರಿತು. ಹೀಗೆ ಹೆಸರು ಕೇಳಿ ಮರಿ ಕೊಂಡವರ ಕಥೆ ಎಲ್ಲ ತಳಿಗಳಲ್ಲೂ ಒಂದೇ: ಒಂದು ವರ್ಷಕ್ಕೆ ಅದು ಗೋಡೆ ಹಾರುವಷ್ಟು ಬೆಳೆದಾಗ ಯಾರಿಗಾದರೂ ಕೊಟ್ಟುಬಿಡುವ ಯೋಚನೆ ಬರುತ್ತದೆ. ದೊಡ್ಡ ನಾಯಿ ದತ್ತಿಗೆ ಸಿಗುವ ಒಂದು ದಾರಿ ಇದು.

ಗ್ರೇಹೌಂಡ್ ಓಟ ಮತ್ತು ನಿವೃತ್ತಿ

ಯಂತ್ರದ ಮೊಲವನ್ನು ಹಳಿಯ ಮೇಲೆ ಓಡಿಸಿ ಅದರ ಹಿಂದೆ ನಾಯಿ ಬಿಡುವ ಓಟವನ್ನು ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ 1919ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ಕಣಕ್ಕೆ ತಂದ. 1926ರ ಜುಲೈಯಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ ಅದು ಶುರುವಾದ ಮೇಲೆ ಬ್ರಿಟನ್ನಿನ ದುಡಿಯುವ ಜನರ ಸಂಜೆಯ ಆಟವಾಯಿತು. ಕುದುರೆ ಜೂಜು ಕೈಗೆಟುಕದವರು ನಾಯಿಯ ಮೇಲೆ ಪಣ ಕಟ್ಟಿದರು. ಗಂಟೆಗೆ 65ರಿಂದ 70 ಕಿ.ಮೀ. ವೇಗದಲ್ಲಿ ಓಡುವ ನಾಯಿ ಐದು ವರ್ಷದೊಳಗೆ ಕಣ ಬಿಡುತ್ತದೆ, ಕಾಲು ಮುರಿದರೆ ಇನ್ನೂ ಬೇಗ. ಆಯುಸ್ಸು ಹತ್ತರಿಂದ ಹದಿನಾಲ್ಕು ವರ್ಷ. ಮಿಕ್ಕ ಆಯುಸ್ಸು ಏನಾಗಬೇಕೆಂಬ ಪ್ರಶ್ನೆಗೆ ಬಹುಕಾಲ ಕೊಟ್ಟ ಉತ್ತರ ಕೊಲ್ಲುವುದು. ದತ್ತು ಸಂಸ್ಥೆಗಳು ಹುಟ್ಟಿದ್ದು 1970–80ರ ದಶಕಗಳಲ್ಲಿ. ಬ್ರಿಟನ್ನಿನಲ್ಲಿ 2020ರಿಂದ ಪ್ರತಿ ನಾಯಿಗೂ 400 ಪೌಂಡಿನ ಠೇವಣಿ ಇಟ್ಟು, ನಿವೃತ್ತಿಯ ಬಳಿಕ ಮನೆ ಹುಡುಕಿಕೊಡುವ ಸಂಸ್ಥೆಗೆ ಅದನ್ನು ಕೊಡುವ ವ್ಯವಸ್ಥೆ ಬಂತು.

ಕಣಗಳು ಈಗ ಮುಚ್ಚುತ್ತಿವೆ. ಫ್ಲಾರಿಡಾದ ಮತದಾರರು 2018ರಲ್ಲಿ ಓಟ ನಿಲ್ಲಿಸಲು ಒಪ್ಪಿದರು. 2020ರ ಕೊನೆಗೆ ಅಲ್ಲಿ ಓಟ ನಿಂತಿತು. 2018ರಲ್ಲೇ ಮಕಾವಿನ ಕ್ಯಾನಿಡ್ರೋಮ್ ಮುಚ್ಚಿದಾಗ ಐನೂರಕ್ಕೂ ಹೆಚ್ಚು ನಾಯಿಗಳು ಒಮ್ಮೆಲೇ ಮನೆಯಿಲ್ಲದೆ ಉಳಿದವು; ಅವುಗಳನ್ನು ಬೇರೆ ಬೇರೆ ದೇಶಗಳಿಗೆ ಕಳಿಸಬೇಕಾಯಿತು. ನ್ಯೂಜಿಲೆಂಡ್ 2024ರ ಡಿಸೆಂಬರಿನಲ್ಲಿ ನಿಷೇಧದ ನಿರ್ಧಾರ ಪ್ರಕಟಿಸಿತು. ಈ ದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ನಿವೃತ್ತ ಗ್ರೇಹೌಂಡ್ ಸುಲಭವಾಗಿ ಸಿಗುವ ನಾಯಿ. ಊರಿಗೆ ಮರಳುವಾಗ ಅದನ್ನು ಕರೆತರುವುದು ಸಲೀಸಲ್ಲ. 2013ರ ಬಳಿಕ ಸಾಕುನಾಯಿಯ ಆಮದು ಮುಖ್ಯವಾಗಿ ವಾಸ್ತವ್ಯ ಬದಲಿಸಿ ಬರುವವರಿಗೆ, ಅದೂ ಎರಡೇ ಪ್ರಾಣಿಗಳಿಗೆ ಸೀಮಿತ. ಆದ್ದರಿಂದ ವಿದೇಶದ ದತ್ತು ಸಂಸ್ಥೆಯಿಂದ ಕೊಟ್ಟೂರಿಗೆ ನಾಯಿ ತರಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ಅನುಮಾನಿಸುವುದೇ ಸರಿ.

ಭಾರತದಲ್ಲಿ ಪರವಾನಗಿಯ ಜೂಜುಕಣವಿಲ್ಲದಿದ್ದರೂ ನಾಯಿ ಓಟ ಇಲ್ಲದೆ ಇಲ್ಲ. ಪಂಜಾಬಿನ ಕಿಲಾ ರಾಯ್‌ಪುರದ ಗ್ರಾಮೀಣ ಕ್ರೀಡೆಗಳಲ್ಲಿ ಗ್ರೇಹೌಂಡುಗಳು ಓಡಿವೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲೂ ಬೇಟೆನಾಯಿಗಳ ಓಟದ ಪಂದ್ಯ ನಡೆಯುವುದುಂಟು. ಅಲ್ಲಿ ಗೆದ್ದ ನಾಯಿಗೆ ಹಾರ, ಗುಲಾಲು, ಬಹುಮಾನ ಎಲ್ಲ ಇವೆ. ಸೋತದ್ದರ, ಮುದಿಯಾದದ್ದರ ದಾಖಲೆ ಇಡುವವರಿಲ್ಲ. ವಿದೇಶದ ಓಟದ ನಾಯಿಗೆ ಕಿವಿಯಲ್ಲಿ ಹಚ್ಚೆ ಇರುತ್ತದೆ, ಅದು ಎಲ್ಲಿ ಓಡಿತು, ಯಾವಾಗ ಬಿದ್ದಿತು ಎಂಬುದು ಬರಹದಲ್ಲಿರುತ್ತದೆ. ಜೂಜಿನ ಲೆಕ್ಕಕ್ಕಾಗಿ ಇಟ್ಟ ಆ ಕಾಗದವೇ ಕೊನೆಗೆ ನಾಯಿಯನ್ನು ಉಳಿಸುವವರ ಕೈಗೆ ಆಧಾರವಾಯಿತು. ನಮ್ಮ ನಾಯಿಗೆ ಆ ಕಾಗದವಿಲ್ಲ, ಹಾಗಾಗಿ ನಿವೃತ್ತಿಯ ದಿನವೂ ಇಲ್ಲ. ಸರ್ಕಾರದ ಕೆಲಸದಲ್ಲಿರುವ ನಾಯಿಯ ಸ್ಥಿತಿ ಮಾತ್ರ ಬೇರೆ. ಸೇನೆಯಲ್ಲಿ ಕೆಲಸಕ್ಕೆ ಬಾರದಾದ ನಾಯಿಗೆ ದಯಾಮರಣ ಕೊಡುತ್ತಿದ್ದುದು 2015ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯಿಂದ ಹೊರಬಿದ್ದು, ಆಮೇಲೆ ನೀತಿ ಬದಲಾಯಿತು.

ನಾಯಿ ಬರುವ ದಾರಿ

ಐದು ತಾಲ್ಲೂಕುಗಳಲ್ಲಿ ದೊಡ್ಡ ಬೇಟೆನಾಯಿ ಸಿಗಬಹುದಾದ ದಾರಿಗಳು ಕೆಲವೇ. ಬೇಟೆಯ ಗೀಳು ಬಿಟ್ಟವರ ಮನೆಯ ನಾಯಿ; ತೋಟದ ಕಾವಲಿಗೆಂದು ತಂದು, ಅದು ಬೊಗಳದೆ ಮಲಗುವುದನ್ನು ಕಂಡು ಬೇಸತ್ತವರ ನಾಯಿ; ಮುಧೋಳದ ಕಡೆಯ ಸಾಕಣೆದಾರರಲ್ಲಿ ಮರಿ ಹಾಕುವುದು ನಿಂತ ಹೆಣ್ಣುನಾಯಿ. ಕೊನೆಯದನ್ನು ಕೇಳಿ ತರುವವರು ಅಪರೂಪ, ಆದರೆ ಮನೆಗೆ ಹೊಂದುವುದಕ್ಕೆ ಅದೇ ಮೇಲು. ವಯಸ್ಸಿನಿಂದ ತಣ್ಣಗಾಗಿರುತ್ತದೆ, ಜನರ ಕೈ ಕಂಡಿರುತ್ತದೆ. ಕೊಡುವವರು ಹೇಳುವ ವಯಸ್ಸನ್ನು ನಂಬದೆ ಹಲ್ಲು ತೋರಿಸಿಕೊಳ್ಳಬೇಕು. ಹಿಂದೆ ಕುರಿ, ಕೋಳಿ ಹಿಡಿದಿದೆಯೇ ಎಂದು ಕೊಟ್ಟವರನ್ನಲ್ಲ, ಅವರ ಪಕ್ಕದ ಮನೆಯವರನ್ನು ಕೇಳುವುದು ಜಾಣತನ.

ಮನೆಯಲ್ಲಿ

ಓಟದ ನಾಯಿ ಮನೆಯಲ್ಲಿ ಸೋಮಾರಿ. ಇದು ಹೊಸಬರಿಗೆ ನಂಬಲಾಗದ ಮಾತು, ಆದರೆ ಗ್ರೇಹೌಂಡ್ ಸಾಕಿದವರೆಲ್ಲ ಮೊದಲು ಹೇಳುವುದೇ ಇದನ್ನು: ದಿನದ ಬಹುಪಾಲು ಅದು ನಿದ್ದೆಯಲ್ಲಿರುತ್ತದೆ. ಬೆಳಿಗ್ಗೆ, ಸಂಜೆ ಅರ್ಧರ್ಧ ಗಂಟೆಯ ನಡಿಗೆ ಸಾಕು. ಮುಧೋಳ ನಾಯಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು; ಒಂಟಿಯಾಗಿ ಸರಪಳಿಯಲ್ಲಿ ಕಟ್ಟಿಟ್ಟರೆ ಅದು ಕೆಡುತ್ತದೆ, ಅಂಜುಬುರುಕವೋ ಕಚ್ಚುವಂಥದ್ದೋ ಆಗುತ್ತದೆ. ಕಣದ ಗೂಡಿನಲ್ಲೇ ಬೆಳೆದ ಗ್ರೇಹೌಂಡ್‌ಗೆ ಮೆಟ್ಟಿಲು, ಗಾಜಿನ ಬಾಗಿಲು, ಕುಕ್ಕರಿನ ಸೀಟಿ ಎಲ್ಲ ಹೊಸತು. ಹಳ್ಳಿಯ ಬೇಟೆನಾಯಿಗೂ ಪೇಟೆಯ ಮನೆಯ ನಯವಾದ ಟೈಲ್ಸ್ ನೆಲ ಹಾಗೆಯೇ. ಕಾಲು ಜಾರಿದ ಮೇಲೆ ಒಳಗೆ ಬರಲು ಹಟ ಮಾಡುತ್ತದೆ. ಗೋಣಿಚೀಲ ಹಾಸಿದರೆ ಬಗೆಹರಿಯುವ ತೊಂದರೆ ಇದು. ಮಲಗಿರುವಾಗ ಮುಟ್ಟಿದರೆ ಬೆಚ್ಚಿಬಿದ್ದು ಬಾಯಿ ಹಾಕುವ ಅಭ್ಯಾಸ ಈ ನಾಯಿಗಳಲ್ಲಿ ಕಾಣುತ್ತದೆ. ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು.

ಬೇಟೆನಾಯಿಯ ಕತ್ತು ತಲೆಗಿಂತ ದಪ್ಪ. ಸಾಮಾನ್ಯ ಪಟ್ಟಿ ಹಿಂದಕ್ಕೆ ಎಳೆದರೆ ಕಳಚಿಬರುತ್ತದೆ. ಎಳೆದಷ್ಟೂ ಹದವಾಗಿ ಬಿಗಿಯುವ ಅಗಲ ಪಟ್ಟಿ ಬೇಕು. ಊರ ಹೊರಗೆ ಬಯಲು ಖಾಲಿ ಇದೆಯೆಂದು ಹಗ್ಗ ಬಿಡುವುದು ಸಾಮಾನ್ಯ ತಪ್ಪು. ನಾಯಿಗೆ ನಮಗಿಂತ ಮೊದಲು ಕಾಣುತ್ತದೆ, ಕಂಡ ಮೇಲೆ ಕಿವಿ ಕೇಳುವುದಿಲ್ಲ. ಹೆದ್ದಾರಿ ಇದ್ದ ಕಡೆ ಇದರ ಫಲ ಗೊತ್ತಿರುವುದೇ. ಕೂಡ್ಲಿಗಿಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 50 ಹಾಯುತ್ತದೆ. ಮಂದೆ ಸಾಗುವ ದಿನಗಳಲ್ಲಿ ಬಾಯಿಗೆ ಜಾಳಿಗೆ ಕಟ್ಟಿ, ಹಗ್ಗ ಹಿಡಿದು, ಬೆಳಕು ಹರಿಯುವ ಮುನ್ನ ತಿರುಗಾಡಿಸುವುದು ಎಲ್ಲರಿಗೂ ನೆಮ್ಮದಿ. ಕುರಿಮಂದೆಯ ಜೊತೆ ಬೆಳೆದ ಮರಿ ಕುರಿಯನ್ನು ಒಪ್ಪೀತು. ನಾಲ್ಕು ವರ್ಷ ಮೊಲ ಅಟ್ಟಿದ ನಾಯಿಗೆ ಅದನ್ನು ಕಲಿಸುತ್ತೇನೆಂದು ಹೊರಡುವವರು ಪಕ್ಕದವರ ಮರಿಯನ್ನು ಪಣಕ್ಕಿಟ್ಟಂತೆ. ಬೇಲಿ ಆರಡಿಯಾದರೂ ಇರಬೇಕು. ಬೀದಿನಾಯಿಗಳ ಗುಂಪು ಸೇರಿಕೊಂಡರೆ ಒಂಟಿ ಬೇಟೆನಾಯಿ ಓಡಿ ತಪ್ಪಿಸಿಕೊಳ್ಳಲು ನೋಡುತ್ತದೆ; ಓಡುವುದನ್ನು ಕಂಡೇ ಗುಂಪು ಬೆನ್ನು ಹತ್ತುತ್ತದೆ.

ಊಟದ ವಿಷಯದಲ್ಲಿ ಹಳ್ಳಿಯ ಪದ್ಧತಿ ಕೆಟ್ಟದ್ದೇನಲ್ಲ. ಮುಧೋಳದ ಕಡೆ ಮೆಕ್ಕೆಜೋಳದ ಅಥವಾ ಜೋಳದ ನುಚ್ಚು ಬೇಯಿಸಿ ಹಾಲು, ಮೊಟ್ಟೆ ಸೇರಿಸಿ ಹಾಕುತ್ತಾರೆ. ಮಾಂಸವಿದ್ದರೆ ಇನ್ನೂ ಒಳಿತು. ಬರೀ ರೊಟ್ಟಿ–ಮಜ್ಜಿಗೆ ಸಾಲದು. ಸಾರು, ಪಲ್ಯದ ಉಳಿಕೆಯಲ್ಲಿ ಉಳ್ಳಾಗಡ್ಡಿ ಇರುತ್ತದೆಂಬುದನ್ನು ಈ ಸೀಮೆಯಲ್ಲಿ ಒತ್ತಿ ಹೇಳಬೇಕು, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಎದೆ ಆಳವಾದ ತಳಿಯಾದ್ದರಿಂದ ಹೊಟ್ಟೆ ತುಂಬ ಉಂಡು ಓಡಿದರೆ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ದಿನಕ್ಕೆರಡು ಸಲ ಸ್ವಲ್ಪ ಸ್ವಲ್ಪ ಹಾಕಿ, ಉಂಡ ಮೇಲೆ ಮಲಗಗೊಡಬೇಕು. ಪಕ್ಕೆಲುಬು ಎರಡು ಮೂರು ಕಾಣುವುದು ಇವುಗಳಿಗೆ ಆರೋಗ್ಯದ ಲಕ್ಷಣ. ನೋಡಿದವರು ‘ನಾಯಿಗೆ ಕೂಳು ಹಾಕುವುದಿಲ್ಲವೇ’ ಎನ್ನುತ್ತಾರೆ, ಕೇಳಿಸಿಕೊಂಡು ಸುಮ್ಮನಿರಬೇಕು.

ದೇಹ, ರೋಗ, ಔಷಧ

ಗ್ರೇಹೌಂಡಿನ ರಕ್ತದಲ್ಲಿ ಕೆಂಪುಕಣ ಹೆಚ್ಚು, ರಕ್ತ ಹೆಪ್ಪುಗಟ್ಟಿಸುವ ತಟ್ಟೆಕಣ ಕಡಿಮೆ, ಥೈರಾಯ್ಡ್ ಹಾರ್ಮೋನಿನ ಮಟ್ಟವೂ ಕಡಿಮೆ, ಹೃದಯ ದೊಡ್ಡದು. ಬೇರೆ ನಾಯಿಗಳ ಅಳತೆ ಹಿಡಿದು ಓದಿದರೆ ಆರೋಗ್ಯವಂತ ಗ್ರೇಹೌಂಡ್ ಕೂಡ ರೋಗಿಯಂತೆ ಕಾಣುತ್ತದೆ. ಬೇಡದ ಥೈರಾಯ್ಡ್ ಮಾತ್ರೆ ನುಂಗಿದ ನಾಯಿಗಳು ಎಷ್ಟೋ. ಥಯೋಪೆಂಟಾಲ್‌ನಂಥ ಅರಿವಳಿಕೆ ಅದರ ಮೈಯಿಂದ ಬೇಗ ಇಳಿಯುವುದಿಲ್ಲ. ಕೊಬ್ಬು ತೀರ ಕಡಿಮೆ, ಔಷಧವನ್ನು ಒಡೆಯುವ ಪಿತ್ತಜನಕಾಂಗದ ಕಿಣ್ವವೂ ಕಡಿಮೆ. ಶಸ್ತ್ರಚಿಕಿತ್ಸೆಯ ಮರುದಿನ, ಎಲ್ಲ ಮುಗಿಯಿತೆಂದುಕೊಂಡಾಗ ರಕ್ತ ಒಸರುವುದುಂಟು. ಮುಧೋಳ ನಾಯಿಯ ಮೈಕಟ್ಟೂ ಹಾಗೆಯೇ ತೆಳುವಾದ್ದರಿಂದ ಕಣ್ಣಂದಾಜಿನಲ್ಲಿ ಚುಚ್ಚುಮದ್ದು ಕೊಡದೆ ತೂಕ ಹಾಕಿ ಕೊಡಿಸಿಕೊಳ್ಳಬೇಕು. ವಯಸ್ಸಾದ ಗ್ರೇಹೌಂಡುಗಳಲ್ಲಿ ಮೂಳೆಯ ಕ್ಯಾನ್ಸರ್ ಹೆಚ್ಚು. ಪೆಟ್ಟಿಲ್ಲದೆ ಕುಂಟತೊಡಗಿದರೆ ಉಳುಕೆಂದು ಎಣ್ಣೆ ತಿಕ್ಕುತ್ತ ಕೂರಬಾರದು.

ಚರ್ಮ ಕಾಗದದಷ್ಟು ತೆಳು. ಜಾಲಿಮುಳ್ಳು ಗೀರಿದರೂ ಅಗಲವಾಗಿ ಹರಿಯುತ್ತದೆ. ಚಳಿಗಾಲದ ರಾತ್ರಿ ಹಳೆಯ ಕಂಬಳಿಯ ತುಂಡು ಹೊದಿಸಬೇಕು, ಬೇಸಿಗೆಯ ಮಧ್ಯಾಹ್ನ ಕಾದ ಡಾಂಬರಿನ ಮೇಲೆ ನಡೆಸಬಾರದು. ಇಲ್ಲಿಯ ನಿಜವಾದ ಶತ್ರು ಉಣ್ಣೆಹುಳ. ಅದು ಹರಡುವ ಎರ್ಲಿಕಿಯಾ, ಬಬೇಸಿಯಾ ರೋಗಗಳಲ್ಲಿ ಜ್ವರ ಬಂದು, ಊಟ ಬಿಟ್ಟು, ಒಸಡು ಬಿಳಿಚಿಕೊಳ್ಳುತ್ತದೆ. ದನಕ್ಕೆ ಹಚ್ಚುವ ಉಣ್ಣೆ ಔಷಧವನ್ನೇ ಅಳತೆಯಿಲ್ಲದೆ ನಾಯಿಗೂ ಸುರಿಯುವುದು ಹಟ್ಟಿಗಳಲ್ಲಿ ಕಾಣುವ ವಾಡಿಕೆ; ತೆಳು ಚರ್ಮದ, ತನ್ನ ಮೈ ನೆಕ್ಕಿಕೊಳ್ಳುವ ಪ್ರಾಣಿಗೆ ಅದು ವಿಷವಾದೀತು. ರೇಬಿಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪಬಾರದು. ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳಲ್ಲಿ ಇದು ಆಗುತ್ತದೆ. ತುರ್ತಿಗೆ 1962 ಸಹಾಯವಾಣಿಯ ಸಂಚಾರಿ ವಾಹನವಿದೆ. ಮೂಳೆ ಮುರಿತ, ಸ್ಕ್ಯಾನಿಂಗಿನಂಥದ್ದಕ್ಕೆ ಹಡಗಲಿ ಕಡೆಯವರಿಗೆ ಗದಗದ, ಹರಪನಹಳ್ಳಿ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ.

ಕಾನೂನು

ಬೇಟೆನಾಯಿಯ ಕೆಲಸವನ್ನು ಕಾಗದದ ಮೇಲೆ ಮುಗಿಸಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮೊಲ, ಹಂದಿ, ಕೃಷ್ಣಮೃಗ ಯಾವುದನ್ನೂ ನಾಯಿ ಬಿಟ್ಟು ಹಿಡಿಸುವಂತಿಲ್ಲ. ನಾಯಿ ತಾನಾಗಿ ಹಿಡಿಯಿತು ಎಂಬ ಮಾತು ಅರಣ್ಯ ಇಲಾಖೆಯವರ ಮುಂದೆ ನಿಲ್ಲುವುದು ಕಷ್ಟ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಪಕ್ಷಿ ಸಂರಕ್ಷಣಾ ಮೀಸಲು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನದಿಯಾಚೆ ರಾಣೇಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆಂದೇ 1974ರಿಂದ ಅಭಯಾರಣ್ಯವಿದೆ. ಕರಡಿಯ ಎದುರು ಬಿದ್ದ ನಾಯಿ ಉಳಿಯುವುದಿಲ್ಲ, ಬೆದರಿ ಒಡೆಯನ ಬಳಿಗೇ ಓಡಿ ಬಂದರೆ ಕರಡಿಯನ್ನೂ ಕರೆತರುತ್ತದೆ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹಸಿವು–ನೀರಡಿಕೆಯಿಂದ ನರಳುವಂತೆ ನಾಯಿಯನ್ನು ಬಿಟ್ಟುಹೋಗುವುದು ಅಪರಾಧ. ಸಂತೆಯ ಮರುದಿನ ಬಸ್ ನಿಲ್ದಾಣದ ಬಳಿ ಇಳಿಸಿ ಬರುವುದೂ ಇದರಲ್ಲೇ ಸೇರುತ್ತದೆ. ಮರಿ ಮಾಡಿ ಮಾರುವವರು 2017ರ ನಿಯಮಗಳಡಿ ನೋಂದಾಯಿಸಿಕೊಳ್ಳಬೇಕು. ದತ್ತು ಪಡೆದ ನಾಯಿಗೆ ಸಂತಾನಹರಣ ಮಾಡಿಸುವುದು ವಿದೇಶಿ ಸಂಸ್ಥೆಗಳ ಸಾಮಾನ್ಯ ಷರತ್ತು. ಇಲ್ಲಿ ‘ಒಂದು ಸಲ ಮರಿ ಹಾಕಲಿ’ ಎನ್ನುವವರೇ ಹೆಚ್ಚು, ತಳಿಯ ಹೆಸರು ಬೆಲೆ ತರುವವರೆಗೆ ಅದು ಬದಲಾಗುವಂತೆ ಕಾಣುವುದಿಲ್ಲ. ನಾಯಿ ಕುರಿಮರಿಯನ್ನು ಕೊಂದರೆ ವ್ಯಾಜ್ಯ ಠಾಣೆಯವರೆಗೆ ಹೋಗುವುದು ಕಡಿಮೆ. ಊರ ಹಿರಿಯರ ಎದುರು ಮರಿಯ ಬೆಲೆ ಕಟ್ಟಿಸುತ್ತಾರೆ. ಗಬ್ಬದ ಕುರಿಯಾಗಿದ್ದರೆ ಹೊಟ್ಟೆಯಲ್ಲಿದ್ದ ಮರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕುರಿಯವರು ವಾದಿಸುತ್ತಾರೆ.